ಸವಾರ ಹತ್ತುವ ಮೊದಲೇ ಜಿಗಿತದ ಪಾಠ

2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯನ್ನೇರಿ ಈವೆಂಟಿಂಗ್ ಎಂಬ ಸವಾರಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಕುದುರೆ ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಬಂದದ್ದು 1982ರ ನಂತರ ಅದೇ ಮೊದಲು. ಮೂರು ವರ್ಷಗಳ ಬಳಿಕ ಅದೇ ಕುದುರೆಯ ಮೇಲೆ ಅವರು ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು ತಲುಪಿ 23ನೆಯವರಾದರು. ಟಿವಿಯಲ್ಲಿ ನೋಡಿದವರಿಗೆ ಕಂಡದ್ದು ಸವಾರನ ಚಾಕಚಕ್ಯತೆ. ಆದರೆ ಇಂಥ ಕುದುರೆಗಳ ಜಿಗಿತದ ಪಾಠ ಎಷ್ಟೋ ಕಡೆ ಬೆನ್ನ ಮೇಲೆ ಯಾರೂ ಇಲ್ಲದೆಯೇ ಶುರುವಾಗುತ್ತದೆ. ಇದಕ್ಕೆ ಫ್ರೀ ಜಂಪಿಂಗ್ ಎನ್ನುತ್ತಾರೆ. ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ತಳಿ ಬೆಳೆಸಲು ಬಳಸುವ ಗಂಡು ಕುದುರೆಗಳನ್ನು ಆರಿಸುವಾಗಲೂ ಹೀಗೆ ಜಿಗಿಸಿ ನೋಡುತ್ತಾರೆ.

ಮೈದಾನದ ಗೋಡೆಗೆ ಸಮಾನಾಂತರವಾಗಿ ಇನ್ನೊಂದು ಬೇಲಿ ಕಟ್ಟಿದರೆ ಕುದುರೆ ಜಿಗಿಯುತ್ತ ಸಾಗುವ ಓಣಿ ಸಿದ್ಧ. ಮೊದಲು ಓಣಿಯಲ್ಲಿ ಏನನ್ನೂ ಇಡುವುದಿಲ್ಲ. ಕುದುರೆಯನ್ನು ಹಿಡಿದು ನಡೆಸುತ್ತಾರೆ. ಆಮೇಲೆ ನೆಲದ ಮೇಲೊಂದು ಗಳ. ಅದನ್ನು ನಿರಾತಂಕವಾಗಿ ದಾಟಿದ ಮೇಲೆ ಎರಡು ಗಳಗಳನ್ನು ಅಡ್ಡಡ್ಡ ಹಾಯಿಸಿ ನಡುವೆ ತಗ್ಗಾಗಿರುವ ಸಣ್ಣ ತಡೆ. ಗಳಗಳನ್ನು ಆಳವಿಲ್ಲದ ಕೊಕ್ಕೆಗಳ ಮೇಲೆ ಸುಮ್ಮನೆ ಇಟ್ಟಿರುತ್ತಾರೆ, ಗೊರಸು ತಗುಲಿದರೆ ಉರುಳಿ ಬೀಳುತ್ತವೆ. ಕುದುರೆಯ ಕಾಲಿಗೆ ರಕ್ಷಣೆಯ ಪಟ್ಟಿ ಕಟ್ಟಿರುತ್ತಾರೆ. ಜೋತಾಡುವ ಹಗ್ಗ ಮಾತ್ರ ಇರಕೂಡದು. ಕಾಲಿಗೆ ಸುತ್ತಿಕೊಂಡರೆ ಅನಾಹುತ.

ಕೆಲಸಕ್ಕೆ ಮೂವರು ಬೇಕು. ಒಬ್ಬರು ಓಣಿಯ ಬಾಯಿಯವರೆಗೆ ಕರೆತಂದು ಬಿಡುತ್ತಾರೆ. ಇನ್ನೊಬ್ಬರು ಉದ್ದ ಚಾವಟಿ ಹಿಡಿದು ಹಿಂದೆ ನಿಲ್ಲುತ್ತಾರೆ. ಆ ಚಾವಟಿ ದಾರಿ ತೋರಿಸಲಿಕ್ಕೆ, ಹೊಡೆಯಲಿಕ್ಕಲ್ಲ. ಮೂರನೆಯವರು ಓಣಿಯ ಕೊನೆಯಲ್ಲಿ ಬಕೆಟ್‌ನಲ್ಲಿ ಮೇವು ಹಿಡಿದು ಕಾಯುತ್ತಾರೆ. ಹೆದರಿಸಿ ಓಡಿಸಿದ ಕುದುರೆ ತಡೆಯನ್ನು ನೋಡುವುದೇ ಇಲ್ಲ, ನುಗ್ಗುತ್ತದೆ. ನುಗ್ಗುವುದನ್ನು ಕಲಿತ ಮೇಲೆ ಬಿಡಿಸುವುದು ಬಲು ಕಷ್ಟ.

ತರಬೇತುದಾರರ ಜಾಣ್ಮೆಯೆಲ್ಲ ಅಳತೆಯಲ್ಲಿದೆ. ಕ್ಯಾಂಟರ್ ಎಂಬ ಮಧ್ಯಮ ವೇಗದ ಓಟದಲ್ಲಿ ದೊಡ್ಡ ಕುದುರೆಯ ಒಂದು ಹೆಜ್ಜೆ ಸುಮಾರು 3.6 ಮೀಟರ್. ಜಿಗಿದು ಇಳಿಯಲು ತಡೆಯ ಆಚೆ 1.8, ಮುಂದಿನದಕ್ಕೆ ಮೇಲೇಳಲು ಈಚೆ 1.8. ಹಾಗಾಗಿ ನಡುವೆ ಒಂದೇ ಹೆಜ್ಜೆ ಬೇಕೆಂದರೆ ಎರಡು ತಡೆಗಳ ಅಂತರ ಸುಮಾರು 7.2 ಮೀಟರ್. ನಿಧಾನವಾಗಿ ಬರುವ ಎಳೆಯ ಕುದುರೆಗೆ ಇದನ್ನು ಮೀಟರಿಗೂ ಹೆಚ್ಚು ತಗ್ಗಿಸಬೇಕಾಗುತ್ತದೆ. ಅಂತರ ಸರಿಯಿದ್ದರೆ ಕುದುರೆ ಸರಿಯಾದ ಜಾಗದಲ್ಲೇ ನೆಲ ಬಿಡುತ್ತದೆ: ಕಿವಿ ಮುಂದಕ್ಕೆ ನಿಮಿರುತ್ತವೆ, ಕತ್ತು ಕೆಳಗೆ ಚಾಚುತ್ತದೆ, ಮುಂಗಾಲ ಮಂಡಿಗಳು ಎದೆಗೆ ಮಡಚಿಕೊಳ್ಳುತ್ತವೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ.

ಎಲ್ಲಿ ನೆಲ ಬಿಡಬೇಕೆಂಬ ಲೆಕ್ಕಾಚಾರ ಕುದುರೆಗೆ ಸುಲಭವಲ್ಲ. ಅದರ ಕಣ್ಣುಗಳಿರುವುದು ತಲೆಯ ಪಕ್ಕಗಳಲ್ಲಿ. ಸುತ್ತಮುತ್ತ ಬಹುಪಾಲು ಕಾಣುತ್ತದೆ, ಮೂಗಿನ ಕೆಳಗಿನದು ಮಾತ್ರ ಕಾಣುವುದಿಲ್ಲ. ಹಾರುವ ಕ್ಷಣಕ್ಕೆ ತಡೆ ಕಣ್ಣಿಂದ ಮರೆಯಾಗಿರುತ್ತದೆ. ಎಷ್ಟು ಎತ್ತರ, ಎಷ್ಟು ದೂರ ಎಂಬುದನ್ನು ಮೊದಲೇ ಅಂದಾಜು ಮಾಡಿರಬೇಕು. ತಡೆಯ ಬುಡದಲ್ಲಿ ಇಡುವ ಗಳ ಈ ಅಂದಾಜಿಗೆ ನೆರವಾಗುತ್ತದೆ. ಬಣ್ಣವೂ ಮುಖ್ಯ. ಕುದುರೆಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು-ಕಿತ್ತಳೆ ಹುಲ್ಲಿನ ಹಸಿರಲ್ಲಿ ಬೆರೆತುಹೋಗುತ್ತವೆ. ಇದನ್ನು ಎಕ್ಸೆಟರ್ ವಿಶ್ವವಿದ್ಯಾಲಯದ ಅಧ್ಯಯನ ತೋರಿಸಿದ ಮೇಲೆ ಬ್ರಿಟನ್ನಿನ ರೇಸ್‌ಕೋರ್ಸ್‌ಗಳು 2022ರಿಂದ ತಡೆಗಳ ಕಿತ್ತಳೆ ಬಣ್ಣವನ್ನು ಬಿಳಿಗೆ ಬದಲಿಸತೊಡಗಿದವು.

ಸವಾರನಿಲ್ಲದ ಕುದುರೆ ಮನುಷ್ಯನಿಗೂ ಪಾಠ ಹೇಳಿದ್ದುಂಟು. ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಾಪ್ರಿಲ್ಲಿ (1868–1907) ಸ್ವತಂತ್ರವಾಗಿ ಜಿಗಿಯುವ ಕುದುರೆಗಳನ್ನು ಗಮನವಿಟ್ಟು ನೋಡಿದರು. ಆಗಿನ ಸವಾರರು ತಡೆ ದಾಟುವಾಗ ಹಿಂದಕ್ಕೆ ವಾಲಿ ಲಗಾಮು ಜಗ್ಗುತ್ತಿದ್ದರು. ಆದರೆ ಕುದುರೆ ತಾನಾಗಿ ಇಳಿಯುವುದು ಮುಂಗಾಲಿನ ಮೇಲೆ, ಕತ್ತು ಚಾಚಿ. ಹಾಗಾದರೆ ಸವಾರನೂ ಮುಂದಕ್ಕೆ ಬಾಗಿ ಲಗಾಮು ಸಡಿಲಿಸಬೇಕೆಂದು ಅವರು ಕಲಿಸಿದರು. ಇವತ್ತು ಜಗತ್ತಿನ ಬಹುತೇಕ ಎಲ್ಲ ಜಿಗಿತದ ಸವಾರರೂ ಕೂರುವುದು ಹಾಗೆಯೇ.

ಕರ್ನಾಟಕಕ್ಕೆ ಫ್ರೀ ಜಂಪಿಂಗ್ ಇನ್ನೊಂದು ಕಾರಣಕ್ಕೆ ಹೊಂದುತ್ತದೆ. ಇಲ್ಲಿನ ರೈಡಿಂಗ್ ಸ್ಕೂಲ್‌ಗಳಿಗೆ ಬರುವ ಕುದುರೆಗಳಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ರೇಸ್ ಓಡಿ ನಿವೃತ್ತವಾದ ಥರೋಬ್ರೆಡ್ ತಳಿಯವೂ ಇರುತ್ತವೆ. ಎರಡು ವರ್ಷದ ವಯಸ್ಸಿಗೇ ಟ್ರ್ಯಾಕ್‌ಗೆ ಇಳಿದ ಈ ಪ್ರಾಣಿಗಳಿಗೆ ಗೊತ್ತಿರುವುದು ಸಮನೆಲದಲ್ಲಿ ವೇಗವಾಗಿ ಓಡುವುದಷ್ಟೇ. ಬೆನ್ನಿನ ಭಾರವಿಲ್ಲದೆ, ಬಾಯಿಗೆ ಲಗಾಮಿನ ಎಳೆತವಿಲ್ಲದೆ ಓಣಿಗೆ ಬಿಟ್ಟರೆ ವೇಗ ತಗ್ಗಿಸಿ ಹೆಜ್ಜೆ ಅಳೆಯುವುದನ್ನು ತಾವೇ ಕಂಡುಕೊಳ್ಳುತ್ತವೆ.

ಕೊಡಗಿನಂಥ ಹೆಚ್ಚು ಮಳೆಯ ಜಾಗದಲ್ಲಿ ಫ್ರೀ ಜಂಪಿಂಗ್ ಮಾಡಿಸಹೊರಟವರು ಮೊದಲು ನೆಲ ನೋಡಬೇಕು. ಇಳಿಯುವಾಗ ಕುದುರೆಯ ಇಡೀ ಭಾರ ಕ್ಷಣಕಾಲ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಮುಂಗಾರಿನಲ್ಲಿ ನೆನೆದ ಜೇಡಿಯ ಮೇಲೆ ಆ ಕಾಲು ಜಾರಿದರೆ ಸ್ನಾಯುರಜ್ಜು ಹರಿಯಬಹುದು. ನೀರು ಬಸಿಯುವಂತೆ ಕಲ್ಲುಪುಡಿ ಹಾಕಿ ಮೇಲೆ ಮರಳು ಹರಡಿದ ಅಂಗಳ ಬೇಕು, ಇಲ್ಲವೇ ಮಳೆ ಮುಗಿಯುವವರೆಗೆ ಕಾಯಬೇಕು. ಮೂರು ವರ್ಷಕ್ಕಿಂತ ಎಳೆಯ ಕುದುರೆಗೆ ಅವಸರ ಸಲ್ಲ. ಬೆನ್ನೆಲುಬು ಪೂರ್ತಿ ಬಲಿಯುವುದು ಐದಾರನೇ ವರ್ಷಕ್ಕೆ. ಒಂದು ದಿನಕ್ಕೆ ಕೆಲವೇ ಜಿಗಿತ ಸಾಕು. ಚೆನ್ನಾಗಿ ಜಿಗಿದದ್ದೇ ಆ ದಿನದ ಕೊನೆಯ ಜಿಗಿತವಾಗಬೇಕು. ಮುಂದೆ ಸವಾರ ಹತ್ತಿದಾಗ ಎಲ್ಲವೂ ಮತ್ತೆ ನೆಲದ ಗಳದಿಂದಲೇ ಶುರು; ಈ ಸಲ ಭಾರ ಹೊತ್ತು ಸಮತೋಲ ಕಾಯುವುದನ್ನು ಕಲಿಯಬೇಕು.