ಕರೆಂಟ್ ತಗುಲಿ ಹಸು ಸತ್ತರೆ ಕೋರ್ಟೊಂದೇ ಗತಿಯಲ್ಲ

ಆವನಿ ಜಾತ್ರೆಗೆ ದನ ನೋಡೋಕೆ ಬಂದವರ ಮಾತು ಬೆಲೆಯಿಂದ ಶುರುವಾಗಿ ಎಷ್ಟೋ ಸಲ ಕರೆಂಟಿಗೆ ಬಂದು ನಿಲ್ಲುತ್ತೆ. ಜೋತುಬಿದ್ದ ತಂತಿ ತಗುಲಿ ಸೀಮೆಹಸು ಸತ್ತಿರುತ್ತೆ. ಅರ್ಜಿ ಕೊಟ್ಟು ವರ್ಷವಾಗಿರುತ್ತೆ. ಆಫೀಸಿನವರು ‘ಫೈಲ್ ಮೇಲೆ ಹೋಗಿದೆ’ ಅಂತಲೇ ಇರ್ತಾರೆ. ಕೇಸ್ ಹಾಕೋಣ ಅಂದರೆ ಹಸುವಿನ ಬೆಲೆಗಿಂತ ಓಡಾಟದ ಖರ್ಚೇ ಹೆಚ್ಚು.

ಇಂಥವರಿಗೆ ನಾನು ಹೇಳೋದು ಖಾಯಂ ಲೋಕ ಅದಾಲತ್‌ನ ದಾರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಇದನ್ನ ಸೇರಿಸಿದರು. ವಿದ್ಯುತ್, ನೀರು, ಸಾರಿಗೆ, ಅಂಚೆ, ಆಸ್ಪತ್ರೆ, ವಿಮೆ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಬೆಳೆ ವಿಮೆ ತಕರಾರಿದ್ದವರೂ ಗಮನಿಸಿ. 1 ಕೋಟಿ ರೂಪಾಯಿವರೆಗಿನ ವಿವಾದ ತರಬಹುದು, ಕೋರ್ಟ್ ಶುಲ್ಕ ಇಲ್ಲ. ಪೋಡಿ, ಪಹಣಿ ತಕರಾರಿಗೆ ಮಾತ್ರ ಇದು ಜಾಗ ಅಲ್ಲ.

ಆಗಾಗ ನಡೆಯೋ ಲೋಕ ಅದಾಲತ್ತೇ ಇದು ಅಂದುಕೋಬೇಡಿ. ಅಲ್ಲಿ ಎದುರು ಪಾರ್ಟಿ ಒಪ್ಪದಿದ್ದರೆ ಅಲ್ಲಿಗೆ ಮುಗೀತು, ಬರಿಗೈಲಿ ವಾಪಸ್ಸು. ಇಲ್ಲಿ ಮೊದಲು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸ್ತಾರೆ, ಒಪ್ಪಂದದ ಷರತ್ತು ಅವರೇ ಬರೆದು ಮುಂದಿಡ್ತಾರೆ. ಅದೂ ಆಗದಿದ್ದರೆ ತೀರ್ಪನ್ನೇ ಕೊಡ್ತಾರೆ. ಇಲಾಖೆಯವರು ಸುಮ್ಮನೆ ಎಳೆದಾಡೋಕೆ ಆಗಲ್ಲ ಅನ್ನೋದೇ ಇದರ ಬಲ. ಆದರೆ ರಾಜಿಯ ಹಂತ ಹಾರಿಸೋ ಹಾಗಿಲ್ಲ. ನಮ್ಮ ರಾಜ್ಯದ್ದೇ ಒಂದು ಬ್ಯಾಂಕ್ ಸಾಲದ ಪ್ರಕರಣದಲ್ಲಿ, ಎದುರು ಪಾರ್ಟಿ ಬರದಿದ್ದರೂ ಆ ಹಂತ ನಡೆಸಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ.

ಇದಕ್ಕೆ ಇನ್ನೊಂದು ಮುಖಾನೂ ಇದೆ. ತೀರ್ಪಿನ ಮೇಲೆ ಅಪೀಲು ಇಲ್ಲ, ಹೈಕೋರ್ಟಿಗೆ ರಿಟ್ ಹಾಕೋದೊಂದೇ ಉಳಿಯೋದು. ಇಲ್ಲಿ ಅರ್ಜಿ ಹಾಕಿದ ಮೇಲೆ ಅದೇ ವಿಷಯಕ್ಕೆ ಕೋರ್ಟಿಗೆ ಹೋಗೋ ಹಾಗಿಲ್ಲ. ಕೋರ್ಟಲ್ಲಿ ಆಗಲೇ ಕೇಸ್ ಇದ್ದರೆ ಇಲ್ಲಿ ತಗೊಳ್ಳಲ್ಲ. ಹಾಗಾಗಿ ಎಷ್ಟಕ್ಕೆ ಒಪ್ತೀರಿ ಅನ್ನೋದನ್ನ ಮನೆಯವರ ಜೊತೆ ಕೂತು ಮೊದಲೇ ಲೆಕ್ಕ ಹಾಕಿ. ಡೇರಿಯ ಹಾಲಿನ ಚೀಟಿಗಳು, ಬ್ಯಾಂಕ್ ಪಾಸ್‌ಬುಕ್ ಇದ್ದರೆ ಆ ಹಸು ದಿನಕ್ಕೆ ಎಷ್ಟು ದುಡೀತಿತ್ತು ಅಂತ ಬಾಯಲ್ಲಿ ವಾದಿಸೋ ಕಷ್ಟ ಇರಲ್ಲ.

ಎಲ್ಲಾ ನಿಂತಿರೋದು ಮೊದಲ ದಿನದ ಕೆಲಸದ ಮೇಲೆ. ಹಸು ಬಿದ್ದಿದೆ ಅಂತ ಓಡಿಹೋಗಿ ಮುಟ್ಟಬೇಡ್ರಪ್ಪಾ, 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ದೂರದಿಂದಲೇ ತಂತಿ, ಕಂಬ, ಹಸು ಮೂರೂ ಒಂದೇ ಚಿತ್ರದಲ್ಲಿ ಬರೋ ಹಾಗೆ ಫೋಟೋ ತೆಗೀರಿ. ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸದೆ ಹೂಳಬೇಡಿ. ಪೊಲೀಸ್ ಠಾಣೆಗೂ ದೂರು ಕೊಡಿ. ವಿದ್ಯುತ್ ಪರಿವೀಕ್ಷಕರ ವರದಿಯ ಪ್ರತಿ ಕೇಳಿ ತಗೊಳ್ಳಿ. ಆಫೀಸಿಗೆ ಕೊಟ್ಟ ಪ್ರತಿ ಅರ್ಜಿಯ ನಕಲಿನ ಮೇಲೂ ಸೀಲು, ತಾರೀಖು ಹಾಕಿಸಿಕೊಳ್ಳಿ.

ಅರ್ಜಿ ಎಲ್ಲಿಗೆ, ಹೇಗೆ ಅನ್ನೋದಕ್ಕೆ ಮುಳಬಾಗಿಲು ಕೋರ್ಟಿನಲ್ಲಿರೋ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನ ಉಚಿತವಾಗಿ ಕೊಡ್ತಾರೆ. ಹಸು ಮನೆಯಾಕೆ ಹೆಸರಲ್ಲಿದ್ದರೆ ಅರ್ಜಿಯನ್ನ ಅವರೇ ಹಾಕಲಿ.