ಧನುರ್ವಾಯು: ಕಾರಣ ತುಕ್ಕಲ್ಲ, ಮಣ್ಣು

ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಎಲ್ಲರಿಗೂ ಟಿ.ಟಿ. ಇಂಜೆಕ್ಷನ್ ನೆನಪಾಗುತ್ತದೆ. ಕೈತೋಟದಲ್ಲಿ ಮುಳ್ಳು ನಾಟಿದರೆ ಯಾರಿಗೂ ನೆನಪಾಗುವುದಿಲ್ಲ. ವಾಸ್ತವದಲ್ಲಿ ಧನುರ್ವಾಯುವಿಗೂ ತುಕ್ಕಿಗೂ ನೇರ ಸಂಬಂಧವಿಲ್ಲ. ಮಣ್ಣು, ಧೂಳು ಹಾಗೂ ಸಗಣಿಯಲ್ಲಿ ನೆಲೆಸಿರುವ ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ.

ಈ ಕುಲದ ಬ್ಯಾಕ್ಟೀರಿಯಾಗಳು ಆಮ್ಲಜನಕವಿರುವಲ್ಲಿ ಬೆಳೆಯಲಾರವು. ಆದರೆ ಗಟ್ಟಿ ಕವಚದ ಬೀಜಕಗಳ ರೂಪದಲ್ಲಿ ವರ್ಷಗಟ್ಟಲೆ ಬದುಕಿರಬಲ್ಲವು. ಮಾಂಸಖಂಡಗಳನ್ನು ಕೊಳೆಯಿಸುವ ಗ್ಯಾಸ್ ಗ್ಯಾಂಗ್ರೀನ್ ಮತ್ತು ಕೆಟ್ಟ ಆಹಾರದಿಂದ ಬರುವ ಬೊಟುಲಿಸಂ ಕೂಡ ಇದೇ ಕುಲದ ಕೊಡುಗೆ. ಇವೆಲ್ಲವುಗಳಲ್ಲಿ ಹಾನಿ ಮಾಡುವುದು ಮುಖ್ಯವಾಗಿ ಬ್ಯಾಕ್ಟೀರಿಯಾ ಸ್ರವಿಸುವ ವಿಷ.

ಆಳವಾದ ಗಾಯದೊಳಗೆ ಗಾಳಿಯಾಡದಿದ್ದಾಗ ಧನುರ್ವಾಯುವಿನ ಬೀಜಕಗಳು ಮೊಳೆಯುತ್ತವೆ. ಅವುಗಳ ವಿಷ ನರಗಳ ಮೂಲಕ ಬೆನ್ನುಹುರಿಯನ್ನು ತಲುಪಿ, ಸ್ನಾಯುಗಳನ್ನು ಸಡಿಲಿಸುವ ಸಂಕೇತಗಳನ್ನು ತಡೆಯುತ್ತದೆ. ಸಾಮಾನ್ಯವಾಗಿ ಮೊದಲು ದವಡೆ ಬಿಗಿಯುತ್ತದೆ. ಬಳಿಕ ಬೆನ್ನು ಧನುಸ್ಸಿನಂತೆ ಬಾಗುತ್ತದೆ. ರೋಗದ ಹೆಸರಿನ ಮೂಲವೂ ಇದೇ. ಲಕ್ಷಣಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 21 ದಿನ ಬೇಕು. ಅಷ್ಟರಲ್ಲಿ ಗಾಯವೇ ಮಾಯ್ದಿರಬಹುದು. ನರಕ್ಕೆ ಅಂಟಿಕೊಂಡ ವಿಷವನ್ನು ಯಾವ ಔಷಧವೂ ಬಿಡಿಸಲಾರದು. ತೀವ್ರವಾದಾಗ ರೋಗಿ ವಾರಗಟ್ಟಲೆ ಕೃತಕ ಉಸಿರಾಟದಲ್ಲಿರಬೇಕಾಗುತ್ತದೆ.

ತಾಯಂದಿರ ಹಾಗೂ ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದೃಢಪಡಿಸಿತು. ಆದರೆ ನಿವಾರಣೆ ಎಂದರೆ ಪ್ರತಿ ಜಿಲ್ಲೆಯಲ್ಲೂ 1000 ಜೀವಂತ ಜನನಗಳಿಗೆ 1ಕ್ಕಿಂತ ಕಡಿಮೆ ಶಿಶು ಪ್ರಕರಣ ಎಂದಷ್ಟೇ ಅರ್ಥ. ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಇದ್ದೇ ಇದೆ. ಈ ರೋಗ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲವಾದ್ದರಿಂದ ನೆರೆಯವರು ಪಡೆದ ಲಸಿಕೆ ನಮ್ಮನ್ನು ಕಾಯದು. ಒಮ್ಮೆ ರೋಗ ಬಂದು ಗುಣವಾದವರಿಗೂ ನಿರೋಧಶಕ್ತಿ ದೊರೆಯುವುದಿಲ್ಲ. ಅವರೂ ಲಸಿಕೆ ಪಡೆಯಲೇಬೇಕು.

ಮಕ್ಕಳಿಗೆ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆ, ನಂತರ ಡಿ.ಪಿ.ಟಿ. ಬೂಸ್ಟರ್‌ಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. 10 ಮತ್ತು 16ನೇ ವಯಸ್ಸಿನಲ್ಲಿ ಹಾಗೂ ಗರ್ಭಿಣಿಯರಿಗೆ ನೀಡುತ್ತಿದ್ದ ಟಿ.ಟಿ. ಬದಲು, ಗಂಟಲಮಾರಿಯನ್ನೂ ತಡೆಯುವ ಟಿ.ಡಿ. ಲಸಿಕೆ 2019ರಿಂದ ಜಾರಿಗೆ ಬಂದಿದೆ. ವಯಸ್ಕರು 10 ವರ್ಷಕ್ಕೊಮ್ಮೆ ಬೂಸ್ಟರ್ ಪಡೆಯುವುದು ಒಳಿತು.

ಗಾಯವಾದರೆ ಸಾಬೂನು, ನೀರಿನಿಂದ ಚೆನ್ನಾಗಿ ತೊಳೆಯಿರಿ. ಕಾಫಿಪುಡಿ, ಬೂದಿ, ಸಗಣಿ ಹಚ್ಚದಿರಿ. ಕೊನೆಯ ಲಸಿಕೆ ಯಾವಾಗ ಪಡೆದಿರೆಂಬುದನ್ನು ವೈದ್ಯರಿಗೆ ತಿಳಿಸಿ. ಕೊಳಕು ಗಾಯವಾಗಿದ್ದು, ಲಸಿಕೆ ಪಡೆದು 5 ವರ್ಷ ಕಳೆದಿದ್ದರೆ ಮತ್ತೊಂದು ಡೋಸ್ ಬೇಕಾಗುತ್ತದೆ.