ಎತ್ತಿಗೆ ಜ್ವರ, ಎಮ್ಮೆಗೆ ಬರೆ: ನಮ್ಮ ವ್ಯಾನಿನ ಕತೆ

ನಮ್ಮ ಉದ್ಯಮದಲ್ಲಿ ಬೆಳಗಾಗುವುದು ಸೂರ್ಯ ಹುಟ್ಟಿದ ಮೇಲಲ್ಲ. ಮುಂಜಾನೆ 4 ಗಂಟೆಗೆ ಗ್ರೈಂಡರ್ ತಿರುಗಬೇಕು, ಒಲೆ ಹತ್ತಬೇಕು, ಮಾರ್ಕೆಟ್‌ಗೆ ಗಾಡಿ ಹೊರಡಬೇಕು. ಈ ಮೂರರಲ್ಲಿ ಒಂದು ಕೈಕೊಟ್ಟರೂ ಆ ದಿನ ಕೆಟ್ಟಿತೆಂದೇ ಲೆಕ್ಕ. ಗ್ರೈಂಡರ್ ಮತ್ತು ಒಲೆಯ ಬಗ್ಗೆ ನಮಗೆಲ್ಲ ತಿಳಿದಿದೆ. ಗಾಡಿಯ ಬಗ್ಗೆ ಮಾತ್ರ ಗ್ಯಾರೇಜಿನವನು ಹೇಳಿದ್ದೇ ವೇದವಾಕ್ಯ. ಇದರಿಂದ ನಾವು ಹಣ ಕಳೆದುಕೊಂಡೆವು, ಒಬ್ಬ ಒಳ್ಳೆಯ ಹುಡುಗನನ್ನೂ ಕಳೆದುಕೊಂಡೆವು. ನಮಗಾದದ್ದು ನಿಮಗಾಗಬಾರದು ಎಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಹೋಟೆಲು ಮುಂಬಯಿಯ ಚೆಂಬೂರಿನಲ್ಲಿದೆ. ಒಂದು ಪೆಟ್ರೋಲ್ ವ್ಯಾನ್ ಇಟ್ಟುಕೊಂಡಿದ್ದೇವೆ. ಮುಂಜಾನೆ ವಾಶಿ ಎ.ಪಿ.ಎಂ.ಸಿ.ಯಿಂದ ತರಕಾರಿ ತರುವುದಕ್ಕೂ ಅದೇ, ಮಧ್ಯಾಹ್ನ ಕ್ಯಾಟರಿಂಗ್ ಆರ್ಡರ್‌ಗೂ ಅದೇ. 2023ರ ಮಳೆಗಾಲದಲ್ಲಿ ಅದಕ್ಕೊಂದು ಚಾಳಿ ಶುರುವಾಯಿತು. ಕೀ ತಿರುಗಿಸಿದರೆ 'ಟಕ್' ಎಂದು ಒಂದು ಸದ್ದು, ಅಷ್ಟೇ. ಹತ್ತು ನಿಮಿಷ ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಹತ್ತಕ್ಕೆ ಹತ್ತು ಸಲವೂ ಸ್ಟಾರ್ಟ್. ಹಲ್ಲುನೋವು ಡಾಕ್ಟರ ಬಾಗಿಲಲ್ಲಿ ಮಾಯವಾದ ಹಾಗೆ.

ಗ್ಯಾರೇಜಿನವನು ಬ್ಯಾಟರಿ ಬದಲಿಸಿ ಎಂದ. ಬದಲಿಸಿದೆವು, 4,200 ರೂಪಾಯಿ. ಎರಡು ವಾರ ಸುಮ್ಮನಿತ್ತು, ಮತ್ತೆ ಅದೇ. ಸೆಲ್ಫ್ ಮೋಟರ್ ಹೋಗಿದೆ ಎಂದ. ಅದನ್ನೂ ಬಿಚ್ಚಿಸಿ ರಿಪೇರಿ ಮಾಡಿಸಿದೆವು, 2,800 ರೂಪಾಯಿ. ಹತ್ತು ದಿನ ಸರಿಯಿತ್ತು, ಮತ್ತೆ ಅದೇ. ಕೊನೆಗೆ ಅವನು, "ಸೇಠ್, ನಿಮ್ಮ ಡ್ರೈವರ್ ರಾತ್ರಿ ಲೈಟ್ ಹಾಕಿಟ್ಟು ಹೋಗುತ್ತಾನೆ" ಎಂದುಬಿಟ್ಟ. ನಾವೂ ನಂಬಿದೆವು. ಹುಡುಗ ಕಾರ್ಕಳದ ಕಡೆಯವನು, ಮೂರು ವರ್ಷದಿಂದ ನಮ್ಮಲ್ಲಿದ್ದ. "ಇಲ್ಲ ಧನಿ, ನಾನು ಎಲ್ಲ ಆಫ್ ಮಾಡಿಯೇ ಕೀ ಕೊಡುವುದು" ಎಂದ. ನಾವು ಕೇಳಲಿಲ್ಲ. ಬ್ಯಾಟರಿಯ ಅರ್ಧ ಹಣವನ್ನು ಅವನ ಸಂಬಳದಲ್ಲಿ ಹಿಡಿದೆವು.

ಆ ವರ್ಷದ ಗಣೇಶ ಚತುರ್ಥಿ ಸೆಪ್ಟೆಂಬರ್ 19ಕ್ಕೆ ಬಂದಿತ್ತು. ಮರುದಿನ ಘಾಟ್ಕೋಪರಿನಲ್ಲಿ 150 ಎಲೆಯ ಊಟದ ಆರ್ಡರ್. ಅನ್ನ, ಸಾಂಬಾರು, ಪಾಯಸ ಎಲ್ಲ ತುಂಬಿಸಿ ಹುಡುಗ ಕೀ ತಿರುಗಿಸಿದ. 'ಟಕ್'. ಪಕ್ಕದ ಟೆಂಪೋದವನು ಕೇಬಲ್ ತಂದು ಅವನ ಬ್ಯಾಟರಿಯಿಂದ ಕರೆಂಟ್ ಕೊಟ್ಟ. ಆಗಲೂ 'ಟಕ್'. ಕಪ್ಪು ಕ್ಲಿಪ್ಪನ್ನು ತೆಗೆದು ಮತ್ತೆಲ್ಲೋ ಹಾಕಿದ ಮೇಲೆ ಹೇಗೋ ಸ್ಟಾರ್ಟ್ ಆಯಿತು. ನಾವು ತಲುಪುವಾಗ 50 ನಿಮಿಷ ತಡ. ಎಲೆ ಹಾಕಿ, ನೀರು ಇಟ್ಟು, ಹಿರಿಯರೆಲ್ಲ ಪಂಕ್ತಿಯಲ್ಲಿ ಕೂತಿದ್ದಾರೆ, ಬಡಿಸಲು ಪದಾರ್ಥ ಇಲ್ಲ! ಹೋಟೆಲಿನವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಆ ಸಿಟ್ಟನ್ನೆಲ್ಲ ನಾಲ್ಕು ಜನರೆದುರು ಹುಡುಗನ ಮೇಲೆ ತೀರಿಸಿಕೊಂಡೆವು. ತಿಂಗಳ ಕೊನೆಗೆ ಅವನು ಲೆಕ್ಕ ಮುಗಿಸಿ ಠಾಣೆಯ ಇನ್ನೊಂದು ಹೋಟೆಲಿಗೆ ಹೋದ.

ಹೊಸ ಡ್ರೈವರ್ ಬಂದ. 'ಟಕ್' ಹೋಗಲಿಲ್ಲ.

ಆಗ ಗೆಳೆಯರೊಬ್ಬರ ಮಾತಿನ ಮೇಲೆ ಕುರ್ಲಾದ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಪ್ರಶ್ನೆ ಕೇಳಿದರು. ಯಾವಾಗ ನಿಲ್ಲುತ್ತದೆ? ಬೆಳಿಗ್ಗೆಯೋ, ಓಡಿ ಬಿಸಿಯಾದ ಮೇಲೋ? ಒಂದು 'ಟಕ್' ಬರುತ್ತದೋ, 'ಟಕಟಕಟಕ' ಎಂದು ಬರುತ್ತದೋ, ಸದ್ದೇ ಇಲ್ಲವೋ? ಆಗ ಹೆಡ್‌ಲೈಟ್ ಮಂಕಾಗುತ್ತದೋ? ನಮಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಗಾಡಿಯ ಕಾಗದ ಹುಡುಕುವಾಗ ಡ್ಯಾಶ್‌ಬೋರ್ಡಿನಲ್ಲಿ ಹುಡುಗನ ಪೆಟ್ರೋಲ್ ಲೆಕ್ಕದ ಪುಸ್ತಕ ಸಿಕ್ಕಿತು. ಅಲ್ಲಲ್ಲಿ ತಾರೀಕಿನ ಪಕ್ಕ ಬರೆದಿದ್ದ: 'ಜೋರು ಮಳೆ, ಒಂದು ಟಕ್, ಲೈಟು ಜೋರಾಗಿಯೇ ಇತ್ತು.' 'ವಾಶಿಯಲ್ಲಿ ಬಿಸಿ ಎಂಜಿನ್, ಒಂದು ಟಕ್.' ಕೊನೆಯದು ಘಾಟ್ಕೋಪರ್ ದಿನದ್ದು: 'ಕಪ್ಪು ಕ್ಲಿಪ್ ಬ್ಯಾಟರಿಗೆ ಹಾಕಿದರೆ ಇಲ್ಲ, ಎಂಜಿನ್ ಬೋಲ್ಟಿಗೆ ಹಾಕಿದ ಕೂಡಲೇ ಸ್ಟಾರ್ಟ್.'

ಇದನ್ನು ನಾವು ಹಿಂದಿಯಲ್ಲಿ ಓದಿ ಹೇಳಿದೆವು. ಅವರು ನಕ್ಕು, "ಸೇಠ್, ಕೆಲಸ ಅವನೇ ಮುಗಿಸಿದ್ದಾನಲ್ಲ" ಎಂದರು.

ವಿಷಯ ಇಷ್ಟೇ. ಸಿಲಿಂಡರ್ ತುಂಬಿದೆ, ಒಲೆ ಸರಿಯಿದೆ, ಆದರೆ ನಡುವಿನ ಪೈಪು ಮಡಚಿದೆ. ಸಣ್ಣ ಉರಿ ಬರುತ್ತದೆ, ದೊಡ್ಡ ಭಟ್ಟಿ ಹತ್ತುವುದಿಲ್ಲ. ಗಾಡಿಯಲ್ಲೂ ಹಾಗೆಯೇ. ಹೆಡ್‌ಲೈಟಿಗೆ ಹತ್ತು ಆಂಪಿಯರ್ ಆಸುಪಾಸು ಸಾಕು. ಸೆಲ್ಫ್ ಮೋಟರಿಗೆ ಸಣ್ಣ ಗಾಡಿಯಲ್ಲೂ ನೂರು ಆಂಪಿಯರ್‌ಗಿಂತ ಹೆಚ್ಚು ಬೇಕು. ಆ ಕರೆಂಟು ಎಂಜಿನ್ನಿನಿಂದ ಬ್ಯಾಟರಿಗೆ ಹಿಂದಿರುಗುವ ದಾರಿ ಅರ್ಥ್ ವಯರ್. ನಮ್ಮ ಗಾಡಿಯಲ್ಲಿ ಆ ವಯರಿನ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿತ್ತು. ಮುಂಬಯಿಯ ಮಳೆ, ಉಪ್ಪುಗಾಳಿ ಎರಡೂ ಸೇರಿದರೆ ಕೇಳಬೇಕೇ? ಎಂಜಿನ್ ಅಲುಗಾಡಿದಾಗ ಒಮ್ಮೆ ತಾಗುತ್ತದೆ, ಒಮ್ಮೆ ಬಿಡುತ್ತದೆ. ಬ್ಯಾಟರಿ ಬದಲಿಸುವಾಗ, ಸೆಲ್ಫ್ ಬಿಚ್ಚುವಾಗ ವಯರು ಅಲುಗಾಡಿ ಕೆಲವು ದಿನ ಸರಿ ಕೂತಿತ್ತು. ಅದನ್ನೇ ನಾವು ರಿಪೇರಿ ಎಂದು ತಿಳಿದೆವು.

ಅವರು ಗಾಡಿಯನ್ನು ಒಂದು ದಿನ ಇಟ್ಟುಕೊಂಡು, 'ಟಕ್' ಬಂದಾಗಲೇ ಮಲ್ಟಿಮೀಟರ್ ಹಾಕಿ ತೋರಿಸಿದರು. ಒಂದು ಮುಳ್ಳು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ. ಸೆಲ್ಫ್ ಹೊಡೆಯುವಾಗ ಇಲ್ಲಿ 0.2 ವೋಲ್ಟಿನ ಆಸುಪಾಸು ಇದ್ದರೆ ಅರ್ಥ್ ಸರಿ. ನಮ್ಮದು 2 ವೋಲ್ಟ್ ದಾಟಿತು. ಹೊಸ ವಯರ್, ತುಕ್ಕು ಉಜ್ಜಿದ ಮಜೂರಿ ಸೇರಿ ಬಿಲ್ 450 ರೂಪಾಯಿ!

ನಿಮ್ಮ ಗಾಡಿಗೂ ಇಂಥ ಚಾಳಿ ಇದ್ದರೆ ಈ ಕೆಲವು ವಿಷಯ ನೆನಪಿಡಿ.

ಮೊದಲು ಸದ್ದು ಕೇಳಿ. 'ಟಕಟಕಟಕ' ಎಂದು ಲೈಟೂ ಮಂಕಾದರೆ ಹೆಚ್ಚಾಗಿ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ. ಒಂದೇ 'ಟಕ್' ಆಗಿ ಲೈಟು ಜೋರಾಗಿಯೇ ಇದ್ದರೆ ಸೆಲ್ಫ್, ಅದರ ಕೇಬಲ್ ಅಥವಾ ಅರ್ಥ್ ನೋಡಿಸಿ. ಸದ್ದೇ ಇಲ್ಲದಿದ್ದರೆ ಕೀ ಸ್ವಿಚ್, ರಿಲೇ, ಫ್ಯೂಸ್. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಬ್ಯಾಟರಿಯ ಗೊಡವೆ ಬೇಡ. ಪೆಟ್ರೋಲ್ ಪಂಪು, ಸ್ಪಾರ್ಕ್ ಅಥವಾ ಸೆನ್ಸರ್ ಕಡೆ ಹೋಗಿ. ಕ್ರ್ಯಾಂಕ್ ಸೆನ್ಸರ್ ಕೆಟ್ಟರೆ ಬಿಸಿಯಾದಾಗ ಮಾತ್ರ ನಿಂತು, ತಣಿದ ಮೇಲೆ ಹತ್ತುವುದೂ ಉಂಟು. ಡ್ಯಾಶ್‌ಬೋರ್ಡಿನಲ್ಲಿ ಕೀ ಗುರುತಿನ ದೀಪ ಮಿನುಗುತ್ತಿದ್ದರೆ ಇನ್ನೊಂದು ಕೀ ಹಾಕಿ ನೋಡಿ.

ಎರಡನೆಯದು, ಮಲ್ಟಿಮೀಟರ್ ಒಂದು ಇಟ್ಟುಕೊಳ್ಳಿ. ಒಂದು ಹೊತ್ತಿನ ತರಕಾರಿಯ ಖರ್ಚೂ ಆಗುವುದಿಲ್ಲ. ರಾತ್ರಿಯಿಡೀ ನಿಂತ ಗಾಡಿಯ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯ ಗಾಡಿಯಲ್ಲಿ 13.8ರಿಂದ 14.5 ಇದ್ದರೆ ಚಾರ್ಜಿಂಗ್ ಸರಿ. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗೆ ಬಿದ್ದರೆ ಬ್ಯಾಟರಿ ಸಂಶಯ. 12ರಲ್ಲೇ ನಿಂತು ಎಂಜಿನ್ ತಿರುಗದಿದ್ದರೆ ಬ್ಯಾಟರಿಯದ್ದು ತಪ್ಪಲ್ಲ, ದಾರಿಯಲ್ಲಿ ತಡೆ ಇದೆ.

ಮೂರನೆಯದು, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ತೆಗೆದು ಪರೀಕ್ಷೆ ಮಾಡುವ ಹಳೇ ಪದ್ಧತಿಗೆ ಒಪ್ಪಬೇಡಿ. ಈಗಿನ ಗಾಡಿಯ ಎಲೆಕ್ಟ್ರಾನಿಕ್ಸ್ ಸುಟ್ಟೀತು. ಬೇರೆ ಬ್ಯಾಟರಿಯಿಂದ ಕರೆಂಟ್ ತೆಗೆದುಕೊಳ್ಳುವಾಗ ಕಪ್ಪು ಕ್ಲಿಪ್ಪನ್ನು ಕೊನೆಗೆ, ಬ್ಯಾಟರಿಯಿಂದ ದೂರ, ಎಂಜಿನ್ ಲೋಹಕ್ಕೆ ಹಾಕಿ. ಬ್ಯಾಟರಿಯಿಂದ ಹೊರಡುವ ಗ್ಯಾಸಿಗೆ ಕಿಡಿ ತಾಗಬಾರದು. ವ್ಯಾನಿನಲ್ಲಿ ಅಡುಗೆ ಸಿಲಿಂಡರ್ ಇದ್ದರೆ ಮೊದಲು ಇಳಿಸಿ.

ಎಲ್ಲಕ್ಕಿಂತ ಮುಖ್ಯ, ಗಾಡಿ ಓಡಿಸುವವನನ್ನು ಕೇಳಿ. ಹಿಟ್ಟು ಹುಳಿ ಬರಲಿಲ್ಲವೆಂದರೆ ನಾವು ರುಬ್ಬಿದವನನ್ನೇ ಕರೆದು ಯಾವ ಅಕ್ಕಿ, ಎಷ್ಟು ಉದ್ದು, ಎಷ್ಟು ಹೊತ್ತಿಗೆ ರುಬ್ಬಿದ್ದು ಎಂದು ಕೇಳುತ್ತೇವಲ್ಲ? ಗಾಡಿಗೆ ಮಾತ್ರ ಆ ಬುದ್ಧಿ ಏಕೆ ಓಡುವುದಿಲ್ಲ? ಈಗ ನಮ್ಮ ವ್ಯಾನಿನಲ್ಲಿ ಒಂದು ಪುಸ್ತಕ ಕಟ್ಟಿಟ್ಟಿದ್ದೇವೆ. ತೊಂದರೆ ಬಂದ ತಾರೀಕು, ಹೊತ್ತು, ಮಳೆಯೋ ಬಿಸಿಲೋ, ಸದ್ದು ಯಾವುದು, ಲೈಟ್ ಹೇಗಿತ್ತು ಎಂದು ಡ್ರೈವರ್ ಬರೆಯಬೇಕು. ಅದನ್ನು ಓದದೆ ಒಂದು ಸ್ಕ್ರೂ ಸಹ ಬದಲಿಸುವುದಿಲ್ಲ.

ಆ ಹುಡುಗನ ಹತ್ತಿರ ಹೋದೆವೋ ಎಂದು ಕೇಳುವಿರಿ. ಹೋದೆವು. ಠಾಣೆಯ ಹೋಟೆಲಿನ ಹಿಂಬಾಗಿಲಲ್ಲಿ ನಿಂತು, ಹಿಡಿದ 2,100 ರೂಪಾಯಿ ಕೈಗೆ ಕೊಟ್ಟು, "ತಪ್ಪು ನಮ್ಮದು ಮಗಾ, ಲೈಟು ನೀನು ಆಫ್ ಮಾಡಿದ್ದೆ" ಎಂದೆವು. ಹಣ ಎಣಿಸದೆ ಕಿಸೆಗೆ ಹಾಕಿಕೊಂಡ. "ಗಾಡಿ ಈಗ ಸರಿ ಉಂಟಾ ಧನಿ?" ಎಂದು ಕೇಳಿ, ಚಹಾ ತಂದುಕೊಟ್ಟ. ವಾಪಸು ಬಾ ಎಂದೆವು. ಬರಲಿಲ್ಲ. ಅವನದ್ದು ತಪ್ಪೆಂದು ನಾವು ಹೇಳಲಾರೆವು.